ಸೊನ್ನೆಗಿಂತ ಕೆಳಗಿನ ಬೆಲೆ

ದಾದಾಪೀರಣ್ಣನವರ ಕಾಲ ಮೇಲೆ ಆ ಪೆಟ್ಟಿಗೆ ಕೂತ ಮಧ್ಯಾಹ್ನ ನಾನು ಅಂಗಡಿಯ ಗಲ್ಲಾದ ಮುಂದೆ ಮಜ್ಜಿಗೆ ಕುಡಿಯುತ್ತ ಕೂತಿದ್ದೆ. ಅವರ ಹೆಂಡತಿ ಮೆಹರುನ್ನೀಸಾ ಬರಿಗಾಲಲ್ಲಿ ಓಡಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ, ಮಾತು ಬಾರದು. ಕೊನೆಗೆ ಬಂದದ್ದು ಎರಡೇ ಮಾತು: "ಅಕ್ಕಾ, ಬೆಲೆ!" ನಮ್ಮೂರಲ್ಲಿ ಹುಟ್ಟಿ ಬೆಳೆದವರಿಗೆ ಅಷ್ಟು ಸಾಕು. ಲೋಟ ಅಲ್ಲೇ ಇಟ್ಟು ಎದ್ದೆ.

ನಮ್ಮೂರಲ್ಲಿ ಬೆಲೆ ಯೋಗ್ಯತೆಗಿಂತ ಹೆಚ್ಚಾದರೆ ಮಾಲು ಭಾರವಾಗುತ್ತದೆ. ಬೆಲೆ ಸರಿಯಿದ್ದರೆ ಅದರದ್ದೇ ತೂಕ, ಕಡಿಮೆಯಿದ್ದರೆ ಇನ್ನೂ ಹಗುರ. ಕೊಂಡವರ ಮನೆಯ ನೆಲ ಮುಟ್ಟುವವರೆಗೂ ಇದು ಹೀಗೆಯೇ. ಆದ್ದರಿಂದ ನಮ್ಮಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ, ಎತ್ತಿ ನೋಡುತ್ತಾರೆ ಅಷ್ಟೆ. ಬದನೆಕಾಯಿ ಕೊಳ್ಳುವ ಹೆಂಗಸು ಒಂದನ್ನು ಎರಡು ಬೆರಳಲ್ಲಿ ಎತ್ತಿ, ಮುಖ ಸಿಂಡರಿಸಿ ಕೆಳಗಿಟ್ಟರೆ ಮಾರುವವಳು ತಾನಾಗಿಯೇ ಎರಡು ರೂಪಾಯಿ ಇಳಿಸುತ್ತಾಳೆ. ಮೀನಿನ ಗಿರಿಜವ್ವ ಬಿಸಿಲೇರಿ ಮೀನಿನ ಯೋಗ್ಯತೆ ಇಳಿಯತೊಡಗಿದ ಮೇಲೆ ಅಂಗಡಿ ಬಿಟ್ಟು ಬೀದಿಗೆ ಬಂದು, ಚೀಲ ಹಿಡಿದು ಹೋಗುತ್ತಿರುವ ಗಿರಾಕಿಗಳ ಬೆನ್ನಿಗೆ "ಈಗ ಎಂಬತ್ತು! ಈಗ ಎಪ್ಪತ್ತು!" ಎಂದು ಕೂಗುತ್ತ ನಿಲ್ಲುತ್ತಾಳೆ, ಇಳಿಸಿದಷ್ಟು ಚಿಲ್ಲರೆ ಮಾರನೆಯ ದಿನ ಕೊಡುತ್ತಾಳೆ. ದಿನಪತ್ರಿಕೆಯನ್ನು ಬೆಳಗಿನ ಕಾಫಿಗೆ ಮುಂಚೆ ಮನೆಗೆ ತರದವನು ಆಮೇಲೆ ಅದನ್ನು ತರುವ ಗೋಜಿಗೇ ಹೋಗುವುದಿಲ್ಲ. ಅಂಗಡಿ ತೆರೆದಾಗ ಯಾರು ಬೆಲೆ ಹೇಳುತ್ತಾರೋ ಆ ದಿನವೆಲ್ಲ ಅವರ ಬಾಯಿಗೇ ಮಾಲು ಓಗೊಡುವುದು. ನಮ್ಮ ಅಂಗಡಿಯಲ್ಲಿ ಆ ಬಾಯಿ ನನ್ನದಾಗಿತ್ತು.

ಅಂಗಡಿ ನನ್ನ ಅಕ್ಕನ ಗಂಡ ಗುರುಲಿಂಗಪ್ಪನವರದ್ದು. ಮೊದಲು ಮಿಕ್ಸಿ, ಫ್ಯಾನು, ನೀರೆತ್ತುವ ಮೋಟಾರು ಮಾರುತ್ತಿದ್ದೆವು. ಮಿಕ್ಸಿಯ ಬೆಲೆ ವರ್ಷಕ್ಕೊಮ್ಮೆ ಬದಲಾದರೆ ಹೆಚ್ಚು, ನನಗೆ ಹೇಳಿಕೊಳ್ಳುವಂಥ ಕೆಲಸವೇ ಇರಲಿಲ್ಲ. ಆಮೇಲೆ ಭಾವ ಆ ಪೆಟ್ಟಿಗೆಗಳನ್ನು ತಂದರು. ಮಾರುವ ಕಾಗದದಲ್ಲಿ ಅದರ ಹೆಸರು ಕ್ರಿಪ್ಟೋ ಮೈನಿಂಗ್ ಮಷೀನು. ಎರಡೂ ಕಡೆ ಫ್ಯಾನಿರುವ, ಆರೆಂಟು ಇಟ್ಟಿಗೆ ಜೋಡಿಸಿಟ್ಟಷ್ಟು ದೊಡ್ಡ ಲೋಹದ ಡಬ್ಬ. ಕರೆಂಟು ಕೊಟ್ಟರೆ ಹಗಲೂ ಇರುಳೂ ಗುಂಯ್ ಎನ್ನುತ್ತ ಏನೋ ಲೆಕ್ಕ ಮಾಡುತ್ತಿರುತ್ತದೆ. ಆ ಲೆಕ್ಕಕ್ಕೆ ಕೂಲಿಯಾಗಿ ಕೈಯಲ್ಲಿ ಹಿಡಿಯಲಾಗದ ಒಂದು ನಾಣ್ಯದ ಚೂರು ಮಾಲೀಕನ ಫೋನಿಗೆ ಬಂದು ಬೀಳುತ್ತದೆ. ನಮ್ಮೂರವರು ಅದಕ್ಕೆ ಗುಂಯ್‌ಪೆಟ್ಟಿಗೆ ಎಂದು ಹೆಸರಿಟ್ಟರು.

ಇಂಥ ಮಾಲನ್ನು ನಾನು ಕಂಡಿರಲಿಲ್ಲ. ನಾಣ್ಯದ ಬೆಲೆ ಏರಿದರೆ ಪೆಟ್ಟಿಗೆ ದುಡಿಯುವುದು ಹೆಚ್ಚು, ಅದರ ಯೋಗ್ಯತೆಯೂ ಹೆಚ್ಚು. ಲೋಕದಲ್ಲಿ ಪೆಟ್ಟಿಗೆಗಳು ಜಾಸ್ತಿಯಾದರೆ ಪ್ರತಿಯೊಂದರ ಪಾಲು ಕಡಿಮೆ. ಕರೆಂಟಿನ ದರ ಏರಿದರೆ ದುಡಿದದ್ದೆಲ್ಲ ಅದಕ್ಕೇ. ಹೊಸ ಮಾದರಿ ಬಂದರೆ ಹಳೆಯದನ್ನು ಕೇಳುವವರಿಲ್ಲ. ಬೆಳಿಗ್ಗೆ ಫೋನಿನಲ್ಲಿ ನಾಣ್ಯದ ದರ ನೋಡಿ, ದಿನದ ದುಡಿಮೆಯಲ್ಲಿ ಕರೆಂಟಿನ ಖರ್ಚು ಕಳೆದು, ಎಷ್ಟು ತಿಂಗಳಲ್ಲಿ ಹಾಕಿದ ಹಣ ವಾಪಸು ಬರುತ್ತದೆ ಎಂದು ಅಂದಾಜು ಮಾಡಿ ಬೆಲೆ ಹೇಳುತ್ತಿದ್ದೆ. ಹೇಳಿ ಎತ್ತಿ ನೋಡಿದರೆ ಹೂವು! ಏರಿಸಿ ಹೇಳಿದರೂ ಹೂವು. ಮಧ್ಯಾಹ್ನದ ಹೊತ್ತಿಗೆ ಇನ್ನೂ ಇಪ್ಪತ್ತು ಸಾವಿರ ಸೇರಿಸಿ ಹೇಳಿದೆ, ಆಗಲೂ ಕಿರುಬೆರಳಲ್ಲಿ ಎತ್ತಬಹುದಿತ್ತು. ನನಗೆ ಖುಷಿಗಿಂತ ಗಾಬರಿಯಾಯಿತು. ಬೆಳಿಗ್ಗೆ ಸ್ಕೂಟರಿನ ಬೆಲೆಗಿದ್ದ ವಸ್ತು ಸಂಜೆಗೆ ಎರಡು ಸ್ಕೂಟರಿನ ಬೆಲೆಗೆ ಹೋಗುವುದೆಂದರೆ! ಜನ ಬಾಗಿಲ ಹೊರಗೆ ಸಾಲು ನಿಂತಿದ್ದರು. ಏರಿದಷ್ಟೂ ಸಾಲು ಉದ್ದವಾಗುತ್ತಿತ್ತು. ಸೂಲಗಿತ್ತಿ ಹನುಮವ್ವ ಒಂದು ಕೊಂಡಳು, ಸ್ಮಶಾನದ ಕಾವಲುಗಾರ ಎರಡು ಕೊಂಡ. ಊರಿನ ಬೀದಿಗಳಲ್ಲಿ ನಡೆದರೆ ಮನೆಮನೆಯಿಂದ ಗುಂಯ್ ಸದ್ದು. ಗುಬ್ಬಚ್ಚಿಗಳು ಎಲ್ಲಿ ಹೋದವೋ ಗೊತ್ತಿಲ್ಲ.

ದಾದಾಪೀರಣ್ಣ ನಮ್ಮ ಬೀದಿಯ ದರ್ಜಿ. ಎದುರು ಸಾಲಿನ ಕಟ್ಟಡದಲ್ಲಿ ಎರಡನೇ ಮಹಡಿಯಲ್ಲಿ ಮನೆ, ಅಲ್ಲೇ ಅಂಗಡಿ. ನನ್ನ ಎಲ್ಲ ರವಿಕೆ ಹೊಲಿದದ್ದು ಅವರೇ. ಒಂದು ದಿನ ಅವರ ಹೊಲಿಗೆ ಯಂತ್ರಗಳನ್ನು ಯಾರೋ ಗಾಡಿಗೇರಿಸುತ್ತಿರುವುದು ಕಂಡು ನಾನು ಬೆಚ್ಚಿಬಿದ್ದೆ.

"ಇದೇನು ದಾದಾಪೀರಣ್ಣ, ಕೈಯನ್ನೇ ಕಡಿದು ಮಾರಿದ ಹಾಗಾಯ್ತಲ್ಲ?"

"ಕಣ್ಣು ಮಂಜಾಗ್ತಿದೆ ಸುಲೋಚನಮ್ಮ. ಸೂಜಿಗೆ ದಾರ ಪೋಣಿಸೋದೂ ಮೆಹರೂನೇ ಈಗ. ಆ ಪೆಟ್ಟಿಗೆಗೆ ಕಣ್ಣು ಬೇಡ, ಕೈ ಬೇಡ. ಅದು ದುಡೀತಿರತ್ತೆ, ನಾವು ನೋಡ್ತಿದ್ರೆ ಆಯ್ತು" ಎಂದು ನಕ್ಕರು.

ನನಗೆ ಬೇಡವೆನ್ನಬೇಕು ಅನ್ನಿಸಿತು. ಯಾಕೆಂದರೆ ಆ ವಾರ ಪೆಟ್ಟಿಗೆಗಳು ಬೆಳಗಿನ ಹೊತ್ತು ತುಸು ಬಿಗಿಯಾಗಿ ಏಳುತ್ತಿದ್ದವು. ಮೊದಲ ದಿನ ನನ್ನ ಸೊಂಟದ ನೋವು ಅಂದುಕೊಂಡೆ. ಮರುದಿನವೂ ಹಾಗೇ ಆದಾಗ ಭಾವನಿಗೆ ಹೇಳಿದೆ. "ಬೆಲೆ ಜಾಸ್ತಿಯಾಗಿದೆ ಭಾವ, ಇಳಿಸೋಣ." ಭಾವ ಆಗತಾನೆ ಒಂದು ಲಾರಿ ತುಂಬ ಪೆಟ್ಟಿಗೆ ತರಿಸಿದ್ದರು, ಬೆಲೆ ತುತ್ತತುದಿಯಲ್ಲಿದ್ದಾಗ. ಇಳಿಸಿದರೆ ಅಸಲೂ ಹುಟ್ಟುವುದಿಲ್ಲ. ಅವರು ಕೆಟ್ಟವರಲ್ಲ. ಆದರೆ ಆ ಲಾರಿ ಅವರ ಎದೆಯ ಮೇಲೆ ನಿಂತಿತ್ತು. "ನಾಳೆ ನಾಣ್ಯ ಏರತ್ತೆ, ತಾಳು" ಎಂದರು. ಸಂಜೆ ಬಡಗಿಯಿಂದ ಚಕ್ರದ ಹಲಗೆಗಳನ್ನು ಮಾಡಿಸಿ ತಂದರು. ಪೆಟ್ಟಿಗೆಯನ್ನು ಗಿರಾಕಿಯ ಕೈಗೆ ಕೊಡುವ ಬದಲು ಹಲಗೆಯ ಮೇಲಿಟ್ಟು ದಾರ ಕೈಗೆ ಕೊಡುವುದು. "ಎಳೆದುಕೊಂಡು ಹೋಗಿ ಸ್ವಾಮಿ, ಹಲಗೆ ಪುಕ್ಕಟೆ." ಜನಕ್ಕೆ ಅದು ಸೌಕರ್ಯವಾಗಿಯೇ ಕಂಡಿತು. ಚಕ್ರದ ಮೇಲಿದ್ದುದನ್ನು ಯಾರು ಎತ್ತಿ ನೋಡುತ್ತಾರೆ?

ದಾದಾಪೀರಣ್ಣನೂ ಹಾಗೆಯೇ ದಾರ ಹಿಡಿದು ಪೆಟ್ಟಿಗೆಯನ್ನು ಕರುವಿನಂತೆ ಎಳೆದುಕೊಂಡು ಬೀದಿ ದಾಟಿದರು. ಜೊತೆಗೆ ಮೆಹರುನ್ನೀಸಾಳ ತಮ್ಮ ಬಾಷಾ ಇದ್ದ. ಅವರು ಮೆಟ್ಟಿಲ ಬುಡ ತಲುಪಿದ್ದನ್ನು ನೋಡಿಯೇ ನಾನು ಮಜ್ಜಿಗೆಗೆ ಕೈ ಹಾಕಿದ್ದು.

ಮೆಹರುನ್ನೀಸಾಳ ಹಿಂದೆ ಓಡಿದೆ. ಕಟ್ಟಡದ ಮೆಟ್ಟಿಲು ಕಿರಿದು, ಅರ್ಧದಲ್ಲಿ ಒಂದು ತಿರುವು. ಆ ತಿರುವಿನಲ್ಲಿ ದಾದಾಪೀರಣ್ಣ ಗೋಡೆಗೆ ಒರಗಿ ಕೂತಂತೆ ಬಿದ್ದಿದ್ದರು. ಪೆಟ್ಟಿಗೆ ಅವರ ಬಲಗಾಲಿನ ಮೇಲಿತ್ತು. ಮೊಣಕಾಲಿಂದ ಕೆಳಗೆ ಏನೂ ಕಾಣುತ್ತಿರಲಿಲ್ಲ. ಕಲ್ಲಿನ ಮೆಟ್ಟಿಲು ಬಿರುಕು ಬಿಟ್ಟಿತ್ತು. ಬಾಷಾ ಅಂಗೈ ಸುಲಿದುಕೊಂಡು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. "ಎತ್ತೋ ಹಾಗೇ ಇತ್ತಕ್ಕಾ, ಇಬ್ಬರೂ ಹಿಡಿದು ಹತ್ತುತಾ ಇದ್ವಿ, ಇದ್ದಕ್ಕಿದ್ದ ಹಾಗೆ, ಯಾರೋ ಮೇಲಿಂದ ಒತ್ತಿದ ಹಾಗೆ..." ಎಂದು ಅದನ್ನೇ ಹೇಳುತ್ತಿದ್ದ.

ಏನಾಗಿದೆಯೆಂದು ನಾನು ಫೋನು ತೆಗೆದು ನೋಡಿದೆ. ನಾಣ್ಯ ಬಿದ್ದಿತ್ತು. ಇಳಿದಿತ್ತು ಅಂತಲ್ಲ, ಬಾವಿಗೆ ಹಾಕಿದ ಕಲ್ಲಿನಂತೆ ಬಿದ್ದಿತ್ತು, ನೋಡುತ್ತಿರುವಾಗಲೇ ಬೀಳುತ್ತಿತ್ತು. ಬೆಳಿಗ್ಗೆ ನಾನು ಹೇಳಿದ್ದ ಒಂದೂವರೆ ಲಕ್ಷ ಈಗ ಆ ಮನುಷ್ಯನ ಮೂಳೆಯ ಮೇಲೆ ಕೂತಿತ್ತು.

ಬೀದಿಯವರೆಲ್ಲ ಸೇರಿದರು. ಸೈಕಲ್ ಶಾಪಿನವರು ಹಾರೆ ತಂದರು, ಹಾರೆ ಬಾಗಿತು. ಲಾರಿಯ ಜಾಕ್ ಇಟ್ಟರು, ಜಾಕೇ ಮೆಟ್ಟಿಲೊಳಗೆ ಇಳಿಯಿತು. ಕೊಟ್ಟು ತಗೊಂಡಾದ ಮೇಲೆ ವಾಪಸು ಅನ್ನುವುದು ನಮ್ಮೂರಲ್ಲಿಲ್ಲ. ಇಳಿಸಬಹುದಾದದ್ದು ಬೆಲೆ ಮಾತ್ರ. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ನನ್ನ ರಟ್ಟೆ ಹಿಡಿದರು.

"ನೋಡ್ಕೊಂಡು ಹೇಳು. ನೀನು ಇಲ್ಲಿ ಹೇಳಿದ್ದು ಅಂಗಡೀಲಿರೋ ಅಷ್ಟಕ್ಕೂ ಅನ್ವಯಿಸತ್ತೆ. ಲಾರಿ ಮಾಲು ಪೂರ್ತಿ ಹಾಗೇ ಇದೆ."

"ಗೊತ್ತು ಭಾವ."

"ಸ್ವಲ್ಪ ಸ್ವಲ್ಪ ಇಳಿಸು ಅಂತ ಹೇಳ್ತಿರೋದು ಅಷ್ಟೆ."

"ಒಂದು ಲಕ್ಷ!" ಎಂದು ಕೂಗಿದೆ. ಗಂಡಸರು ಕೈ ಹಾಕಿ ಎತ್ತಿದರು. ಅಲುಗಲಿಲ್ಲ. "ಎಂಬತ್ತು ಸಾವಿರ! ಅರವತ್ತು!" ದಾದಾಪೀರಣ್ಣ ಒಮ್ಮೆ ಉಸಿರೆಳೆದುಕೊಂಡರು, ಭಾರ ಚೂರು ಕಡಿಮೆಯಾಯಿತೆಂದು ಅವರ ಮುಖವೇ ಹೇಳಿತು. ಮರುಗಳಿಗೆ ಮತ್ತೆ ಕಿರುಚಿದರು. ನಾನು ಇಳಿಸುವುದಕ್ಕಿಂತ ವೇಗವಾಗಿ ಪೆಟ್ಟಿಗೆಯ ಯೋಗ್ಯತೆ ಇಳಿಯುತ್ತಿತ್ತು. ಸುದ್ದಿ ಊರೆಲ್ಲ ಹಬ್ಬಿ, ಇದ್ದವರೆಲ್ಲ ತಮ್ಮ ಪೆಟ್ಟಿಗೆಗಳನ್ನು ಬೀದಿಗೆ ತಂದು ಮಾರಲು ಕೂಗುತ್ತಿದ್ದರು. ಕೊಳ್ಳುವವನು ಒಬ್ಬನೂ ಇಲ್ಲ. ಅವರು ಕೂಗಿದಷ್ಟೂ ಇಲ್ಲಿ ಈ ಕಾಲಿನ ಮೇಲೆ ಭಾರ ಏರುತ್ತಿತ್ತು.

"ಇಪ್ಪತ್ತು! ಹತ್ತು! ಐದು ಸಾವಿರ!" ಭಾವ ನನ್ನ ರಟ್ಟೆ ಬಿಟ್ಟಿದ್ದರು. ಮೆಹರುನ್ನೀಸಾ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು. ಕೆಳಗಿನ ಮನೆಯ ರುಕ್ಮಿಣಿಯಮ್ಮ ಅವರ ತುಟಿಗೆ ನೀರು ಹಿಡಿದಿದ್ದರು.

"ಪುಕ್ಕಟೆ!" ಎಂದು ಕೂಗಿದೆ. "ಪುಕ್ಕಟೆ, ಒಂದು ಪೈಸೆಯೂ ಬೇಡ, ಪುಕ್ಕಟೆ!"

ನಾಲ್ಕು ಜನ ಒಟ್ಟಿಗೆ ಎತ್ತಿದರು. ಪೆಟ್ಟಿಗೆ ಮಿಸುಕಲಿಲ್ಲ.

ಪುಕ್ಕಟೆ ವಸ್ತು ಭಾರವಾದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ನಮ್ಮೂರಲ್ಲಿ ಹೆಣಕ್ಕೆ ಹೊದಿಸುವ ಬಟ್ಟೆ ಪುಕ್ಕಟೆ, ಭಿಕ್ಷೆ ಪುಕ್ಕಟೆ, ಬಾವಿಯ ನೀರು ಪುಕ್ಕಟೆ. ಅವೆಲ್ಲ ಮಗು ಎತ್ತುವಷ್ಟು ಹಗುರ. ಎಲ್ಲರೂ ನನ್ನನ್ನು ನೋಡಿದರು. ಸೊನ್ನೆಯ ಕೆಳಗೆ ಹೇಳಲು ಏನಿದೆ?

"ಮೀಟರು" ಎಂದರು ಯಾರೋ. ತಿರುಗಿ ನೋಡಿದರೆ ಭಾವ. ಅವರ ಮುಖ ಬೂದಿಯಾಗಿತ್ತು. "ಪೆಟ್ಟಿಗೆ ಜೊತೆ ಮೀಟರು ಬರತ್ತಲ್ಲ. ಓಡಿಸಲಿ ಬಿಡಲಿ, ಒಂದು ವರ್ಷ ಕರೆಂಟು ಕಚೇರಿಗೆ ತಿಂಗಳಾ ದುಡ್ಡು ಕಟ್ಟಲೇಬೇಕು. ಈ ಮಧ್ಯಾಹ್ನದಿಂದ ಅದನ್ನೂ ಏರಿಸಿದಾರೆ."

ಆಗ ಅರ್ಥವಾಯಿತು. ಪೆಟ್ಟಿಗೆ ಇನ್ನು ದುಡಿಯುವುದಿಲ್ಲ, ಅದನ್ನು ಇಟ್ಟುಕೊಂಡವನು ಸುಮ್ಮನೆ ಕಟ್ಟುತ್ತ ಹೋಗಬೇಕು. ಪುಕ್ಕಟೆ ಕೊಟ್ಟರೂ ಅದು ದುಬಾರಿ. ಎತ್ತಬೇಕಾದರೆ ಕೊಳ್ಳುವವನಿಗೆ ನಾವೇ ಹಣ ಕೊಡಬೇಕು. ಒಂದಕ್ಕಲ್ಲ, ಅಂಗಡಿಯಲ್ಲಿ ಅಟ್ಟಕ್ಕೆ ತಾಗುವಂತೆ ಪೇರಿಸಿಟ್ಟ ಅಷ್ಟಕ್ಕೂ. ಹೊತ್ತು ಮುಳುಗುವವರೆಗೆ ಯಾರು ಬಂದು ಕೇಳಿದರೂ ಇಲ್ಲವೆನ್ನುವಂತಿಲ್ಲ.

ಭಾವನನ್ನು ನೋಡಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಅದನ್ನು ನಾನು ಒಪ್ಪಿಗೆ ಅಂದುಕೊಂಡೆ. ಒಪ್ಪಿಗೆಯೇ ಆಗಿತ್ತೇ ಎಂದು ಇವತ್ತಿಗೂ ಕೇಳಿಲ್ಲ.

"ತಗೊಂಡವರಿಗೆ ನಾವೇ ಹತ್ತು ಸಾವಿರ ಕೊಡ್ತೀವಿ!" ಎಂದೆ. "ಇಪ್ಪತ್ತು ಕೊಡ್ತೀವಿ! ಮೂವತ್ತು!" ಪೆಟ್ಟಿಗೆಯ ಒಂದು ಮೂಲೆ ಕಿರ್ ಎಂದಿತು. "ನಲವತ್ತು ಸಾವಿರ ಕೊಡ್ತೀವಿ, ಎತ್ತಿ!"

ಎತ್ತಿದರು. ನಾಲ್ವರೂ ಪೂರ್ತಿ ಬಲ ಹಾಕಿ ಎಳೆದಿದ್ದರಿಂದ ಪೆಟ್ಟಿಗೆಯ ಜೊತೆ ಹಿಂದಕ್ಕೆ ಬಿದ್ದರು. ಮೆಹರುನ್ನೀಸಾ ಗಂಡನ ಕಾಲನ್ನು ನೋಡಿ ತನ್ನ ದುಪಟ್ಟಾ ತೆಗೆದು ಮೇಲೆ ಮುಚ್ಚಿದಳು.

ಅಷ್ಟರಲ್ಲೇ ಮೆಟ್ಟಿಲ ಮೇಲೆ ದಡದಡ ಸದ್ದು. ಡಾಕ್ಟರನ್ನು ಕರೆತರಲು ಓಡುತ್ತಿದ್ದಾರೆ ಅಂದುಕೊಂಡೆ. ರುಕ್ಮಿಣಿಯಮ್ಮ ದಾದಾಪೀರಣ್ಣನ ತುಟಿಯಿಂದ ನೀರಿನ ಲೋಟ ತೆಗೆದು ಮೆಟ್ಟಿಲ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗೆ ಓಡಿದರು. ಹಾರೆ ತಂದವನು ಹಾರೆ ಅಲ್ಲೇ ಬಿಟ್ಟು ಓಡಿದ. ಪೆಟ್ಟಿಗೆ ಎತ್ತಿದ ನಾಲ್ವರಲ್ಲಿ ಮೂವರು ಓಡಿದರು. ಅವರೆಲ್ಲ ಹೋದದ್ದು ನಮ್ಮ ಅಂಗಡಿಗೆ, ಅವರ ಹಿಂದೆ ಭಾವನೂ. ತಗೊಂಡವರಿಗೆ ನಲವತ್ತು ಸಾವಿರ!

ದಾದಾಪೀರಣ್ಣನನ್ನು ಆಟೋದಲ್ಲಿ ಮಲಗಿಸಿ ಆಸ್ಪತ್ರೆಗೆ ಕಳಿಸಲು ನಾನು, ಬಾಷಾ, ಮೆಹರುನ್ನೀಸಾ, ಉಳಿದ ಒಬ್ಬ ಅಷ್ಟೇ ಇದ್ದೆವು. ಪೆಟ್ಟಿಗೆ ಮತ್ತೆ ಭಾರವಾಗುವ ಮುಂಚೆ ಬಾಷಾ ಅದನ್ನು ಒದ್ದಂತೆ ಮೇಲಕ್ಕೆ ತಳ್ಳಿ ಅವರ ಮನೆಯ ನೆಲಕ್ಕೆ ಹಾಕಿ ಬಂದ.

ನಾನು ಅಂಗಡಿಗೆ ಹೋದಾಗ ಸಾಲು ಬೀದಿಯ ಕೊನೆಗೆ ಮುಟ್ಟಿತ್ತು. ಎಲ್ಲ ಗೊತ್ತಿದ್ದ ಮುಖಗಳು. ನಮ್ಮ ಮನೆಯ ಮದುವೆಗೆ ಬಂದು ಉಂಡವರು, ಅಕ್ಕ ತೀರಿಕೊಂಡಾಗ ಹೆಗಲು ಕೊಟ್ಟವರು. ಯಾರೂ ನನ್ನ ಕಣ್ಣಿಗೆ ಕಣ್ಣು ಸೇರಿಸಲಿಲ್ಲ, ಯಾರೂ ಸಾಲನ್ನೂ ಬಿಡಲಿಲ್ಲ. ರುಕ್ಮಿಣಿಯಮ್ಮ ಮಾತ್ರ, "ಹೇಗಿದಾನಮ್ಮ ಅವನು? ಪಾಪ" ಎಂದರು. ಎಂದು ತಮ್ಮ ಸರದಿ ಬಂದಾಗ ಎರಡು ಪೆಟ್ಟಿಗೆಯನ್ನೂ ಅವುಗಳ ಹಣವನ್ನೂ ಇಸಿದುಕೊಂಡು ಹೋದರು. ಒಂದು ವರ್ಷದ ಮೀಟರಿನ ಹಣ ಇಟ್ಟುಕೊಂಡು, ಉಳಿದದ್ದರಲ್ಲಿ ಮೊಮ್ಮಗಳಿಗೆ ಓಲೆ ಮಾಡಿಸಿದರೆಂದು ಆಮೇಲೆ ಕೇಳಿದೆ. ಭಾವ ಗಲ್ಲಾದ ಹಣ ತೀರಿದ ಮೇಲೆ ಬ್ಯಾಂಕಿಗೆ ಹೋಗಿ ತಂದರು, ಅದೂ ತೀರಿದ ಮೇಲೆ ಪಕ್ಕದ ಅಂಗಡಿಯವರನ್ನು ಕರೆದು ನಮ್ಮ ಅಂಗಡಿಯನ್ನೇ ಮಾರಿ, ಆ ಹಣವನ್ನೂ ಎಣಿಸಿ ಕೊಟ್ಟರು. ಒಂದು ಕೆಟ್ಟ ಮಾತಾಡಲಿಲ್ಲ. ಹೊತ್ತು ಮುಳುಗಿದಾಗ ಕೊನೆಯ ಪೆಟ್ಟಿಗೆಯೂ ಹೋಗಿತ್ತು. ಭಾವ ಅಂಗಡಿಯ ಬೀಗದ ಕೈಯನ್ನು ಹೊಸ ಯಜಮಾನನಿಗೆ ಕೊಟ್ಟು, ನನ್ನ ಕಡೆ ತಿರುಗಿ, "ಇಂಥ ಜನದ ಮಧ್ಯೆ ಇದ್ದೆವೇನೇ ನಾವು?" ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ನಂಬಲಾಗದ ಆಶ್ಚರ್ಯವಿತ್ತು. ಚಕ್ರದ ಹಲಗೆ ಮಾಡಿಸಿದವರು ತಾವೇ ಎಂಬುದು ನೆನಪಾಯಿತೋ ಏನೋ, ಅದಾದ ಮೇಲೆ ಆ ವಿಷಯ ಎತ್ತಲಿಲ್ಲ.

ದಾದಾಪೀರಣ್ಣನವರ ಕಾಲನ್ನು ಮೊಣಕಾಲಿಂದ ಕೆಳಗೆ ತೆಗೆಯಬೇಕಾಯಿತು. ಅವರು ಕೊಟ್ಟಿದ್ದ ಒಂದೂವರೆ ಲಕ್ಷ, ಮೇಲೆ ನಲವತ್ತು ಸಾವಿರ, ಭಾವ ಎಲ್ಲರಿಗಿಂತ ಮೊದಲೇ ತೆಗೆದಿಟ್ಟಿದ್ದರು. ಅದೆಲ್ಲ ಆಸ್ಪತ್ರೆಗೆ, ಮೀಟರಿಗೆ ಹೋಯಿತು. ಅವರು ಮನೆಗೆ ಬಂದ ಮೇಲೆ ಗೋಡೆಗೊರಗಿ ಕೂತು ಬೇರೆ ದರ್ಜಿಗಳ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದರು. ದಾರ ಪೋಣಿಸುವುದು ಮೆಹರುನ್ನೀಸಾ. ನಾನು ವಾರಕ್ಕೊಮ್ಮೆ ಹೋಗಿ ಕೂರುತ್ತಿದ್ದೆ. ಪೆಟ್ಟಿಗೆ ಮೂಲೆಯಲ್ಲಿತ್ತು, ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಇಡುತ್ತಿದ್ದರು. ನಾನು ಮಾತ್ರ ಅತ್ತ ನೋಡುತ್ತಿರಲಿಲ್ಲ. ಅಂದಿನಿಂದ ನಾನು ಯಾವುದರ ಬೆಲೆಯನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಹೂವಿನವಳು ಎಷ್ಟಕ್ಕೆ ಬೇಕೆಂದು ಕೇಳಿದರೂ ಬೆರಳು ತೋರಿಸುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ನಾಣ್ಯ ಮತ್ತೆ ಎದ್ದಿತು. ಹೇಗೆ, ಯಾಕೆ ಎಂದು ನನ್ನನ್ನು ಕೇಳಬೇಡಿ. ಬೀಳುವಾಗಲೂ ಯಾರೂ ಕಾರಣ ಹೇಳಿರಲಿಲ್ಲ. ಕರೆಂಟು ಕಚೇರಿಯವರು ತಿಂಗಳ ಹಣದ ಕಟ್ಟಳೆಯನ್ನೂ ತೆಗೆದರು. ಊರಿನ ಅಟ್ಟ, ಕೊಟ್ಟಿಗೆ, ಬಚ್ಚಲ ಮೂಲೆಗಳಿಂದ ಪೆಟ್ಟಿಗೆಗಳು ಹೊರಬಂದವು. ಮತ್ತೆ ಮನೆಮನೆಯಲ್ಲೂ ಗುಂಯ್. ಕೊಳ್ಳುವವರು ಬಾಗಿಲು ತಟ್ಟಿಕೊಂಡು ಬರತೊಡಗಿದರು. ಹಾಗೆ ಒಂದು ಬೆಳಿಗ್ಗೆ ದಾದಾಪೀರಣ್ಣ ನನಗೆ ಹೇಳಿ ಕಳಿಸಿದರು. ಹೋದೆ. ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುವ ವಿನೋದಿನಿ ಎಂಬ ಸಪೂರ ಹೆಂಗಸು ಅಲ್ಲಿ ಕೂತಿದ್ದಳು.

"ಇವರಿಗೆ ಬೇಕಂತೆ ಸುಲೋಚನಮ್ಮ. ನೀವೇ ಬೆಲೆ ಹೇಳಿ."

"ನಾನಾ? ಬೇಡ ದಾದಾಪೀರಣ್ಣ. ನನ್ನ ಬಾಯಿಂದ ಬೇಡ."

"ನನಗೆ ಇದರ ಲೆಕ್ಕ ಬರಲ್ಲ. ನೀವು ಹೇಳಿದ್ರೆ ನಂಬ್ತೀನಿ" ಎಂದರು. ಅಂದು ಒಂದೂವರೆ ಲಕ್ಷ ಅಂದವಳೂ ನಾನೇ ಅಲ್ಲವೇ. ಮೆಹರುನ್ನೀಸಾ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು.

ಫೋನು ನೋಡಿದೆ, ಲೆಕ್ಕ ಹಾಕಿದೆ, ಇನ್ನೊಮ್ಮೆ ಹಾಕಿದೆ. ಕೊನೆಗೆ ಪಿಸುದನಿಯಲ್ಲಿ, "ಎರಡು ಲಕ್ಷ ಅರವತ್ತು ಸಾವಿರ" ಎಂದೆ. ಎಂದು ಕಣ್ಣು ಮುಚ್ಚಿದೆ.

ವಿನೋದಿನಿ ಮರುಮಾತಾಡದೆ ಹಣ ಕೊಟ್ಟಳು. ಬಟ್ಟೆಗಳನ್ನು ಸರಿಸಿ, ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಇನ್ನೊಂದು ಕೈಯಲ್ಲಿ ಫೋನು ಹಿಡಿದು ಯಾರೊಡನೆಯೋ ಮಾತಾಡುತ್ತ, ನಗುತ್ತ, ಮೆಟ್ಟಿಲಿಳಿದಳು. ಅವಳ ಚಪ್ಪಲಿ ಸದ್ದು ತಿರುವು ದಾಟಿ, ಕೆಳಗಿಳಿದು, ಬೀದಿ ಸೇರಿತು. ನಡುವೆ ಎಲ್ಲೂ ನಿಲ್ಲಲಿಲ್ಲ.

ದಾದಾಪೀರಣ್ಣ ಊರುಗೋಲು ಹಿಡಿದು ಕಿಟಕಿಗೆ ಹೋಗಿದ್ದರು. ಅವಳು ಬೀದಿಯ ಕೊನೆಯಲ್ಲಿ ಮರೆಯಾಗುವವರೆಗೂ ನೋಡಿದರು. ಆಮೇಲೆ ತಿರುಗಿದಾಗ ತಮ್ಮ ಕೈಯಲ್ಲಿದ್ದ ಹಣದ ಕಡೆ ಅವರಿಗೆ ಗಮನವೇ ಇರಲಿಲ್ಲ. ಹೆಂಡತಿಯನ್ನೊಮ್ಮೆ ನೋಡಿ, ನನ್ನನ್ನು ನೋಡಿ, ಏನೂ ಅರ್ಥವಾಗದವರಂತೆ ಕೇಳಿದರು:

"ಇಷ್ಟೇನಾ ಸುಲೋಚನಮ್ಮ, ಅದರ ಭಾರ?"